ಹಳೆಯ ಕಾರುಗಳ ಎಂಜಿನ್ ಮತ್ತು ಇಂಧನವ್ಯವಸ್ಥೆಯ ಪರಿಷ್ಕರಣ

ಹಳೆಯ ಕಾರಿನಿಂದ ಅದು ತಯಾರಾದ ಕಾಲಕ್ಕಿದ್ದುದಕ್ಕಿಂತ ಹೆಚ್ಚಿನ ವೇಗವನ್ನೂ ಬಲವನ್ನೂ ಪಡೆಯುವುದಕ್ಕಾಗಿ, ಅಥವಾ ಕಾಲಾಂತರದಲ್ಲಿ ಬದಲಾದ ಇಂಧನಕ್ಕೆ ಅದನ್ನು ಹೊಂದಿಸುವುದಕ್ಕಾಗಿ, ಎಂಜಿನ್ನಿನ ಅಂಗಗಳನ್ನೂ ಟ್ಯಾಂಕಿನಿಂದ ಸಿಲಿಂಡರಿನವರೆಗಿನ ಇಂಧನಮಾರ್ಗವನ್ನೂ ಯೋಜನಾಬದ್ಧವಾಗಿ ಮಾರ್ಪಡಿಸುವ ವಿದ್ಯೆ. ಒಳಗೆ ಬರುವ ಗಾಳಿ, ಆ ಗಾಳಿಗೆ ತಕ್ಕ ಇಂಧನ, ಸರಿಯಾದ ಕ್ಷಣಕ್ಕೆ ಹಾರುವ ಕಿಡಿ, ಈ ಮೂರರ ಹೊಂದಾಣಿಕೆಯೇ ಇದರ ತಿರುಳು. ಕರ್ನಾಟಕದಲ್ಲಿ ಈ ವಿದ್ಯೆ ನಡೆದುಬಂದ ದಾರಿಯನ್ನು ನೋಡಿದರೆ, ಅದರ ಮುಖ್ಯ ತಿರುವುಗಳಲ್ಲಿ ಹಲವು ಇಂಧನದ ಬದಲಾವಣೆಯನ್ನು ಹಿಂಬಾಲಿಸಿ ಬಂದುವೆಂಬುದು ಕಂಡುಬರುತ್ತದೆ. ಆದುದರಿಂದ ಟ್ಯಾಂಕಿನಿಂದ ತೊಡಗಿ ಪಿಸ್ಟನ್ನಿನ ಕಡೆಗೆ ಸಾಗುವುದೇ ಯೋಜನೆಯ ಸಹಜಕ್ರಮ.

ಕಾರ್ಬ್ಯುರೇಟರಿನ ಕಾಲ: ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ವಿದೇಶೀ ಕಾರುಗಳ ಆಮದು ವಿರಳವಾಗಿ, 1489 ಸಿಸಿಯ ಅಂಬಾಸಿಡರ್, 1089 ಸಿಸಿಯ ಫಿಯೆಟ್, ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಇವಿಷ್ಟೇ ನಮ್ಮ ರಸ್ತೆಗಳ ಬಹುಪಾಲು ಕಾರುಗಳಾಗಿದ್ದುದರಿಂದ, ವೇಗವನ್ನು ಬಯಸಿದವನು ಇದ್ದ ಎಂಜಿನ್ನನ್ನೇ ತಿದ್ದಿಕೊಳ್ಳಬೇಕಾಗಿದ್ದಿತು. 1951ರಲ್ಲಿ ಸ್ಥಾಪಿತವಾದ ಮೈಕೋ ಸಂಸ್ಥೆ ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಇಂಧನ ಪಂಪುಗಳನ್ನೂ ತಯಾರಿಸತೊಡಗಿದ ಮೇಲೆ ಸೂಕ್ಷ್ಮ ಯಂತ್ರಕರ್ಮದ ಅಭ್ಯಾಸ ಈ ನಾಡಿನಲ್ಲಿ ಬೇರೂರಿತು, ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳೂ ಶಿವಾಜಿನಗರದ ಗುಜರಿಯೂ ಬೇಕಾದ ಸಾಮಗ್ರಿಯನ್ನು ಒದಗಿಸಿದುವು. ಸಿಲಿಂಡರ್ ಹೆಡ್ಡಿನ ತಳವನ್ನು ತೆಳ್ಳಗೆ ಹೆರೆದು ಸಂಪೀಡನವನ್ನು ಹೆಚ್ಚಿಸುವುದು, ಗಾಳಿಯ ದ್ವಾರಗಳನ್ನು ಉಜ್ಜಿ ನುಣುಪುಮಾಡುವುದು, ಗಾಳಿಗೆ ಪೆಟ್ರೋಲನ್ನು ಬೆರೆಸುವ ಕಾರ್ಬ್ಯುರೇಟರು ಒಂದಿದ್ದೆಡೆಯಲ್ಲಿ ಎರಡನ್ನು ಕೂಡಿಸುವುದು ಆ ಕಾಲದ ಮುಖ್ಯ ಉಪಾಯಗಳು. ಸಂಪೀಡನ ಮಿತಿಮೀರಿದರೆ ಪೆಟ್ರೋಲು ತಾನಾಗಿಯೇ ಸಿಡಿದು 'ನಾಕಿಂಗ್' ಎಂಬ ಬಡಿತ ಹುಟ್ಟಿ ಪಿಸ್ಟನ್ನಿಗೆ ಅಪಾಯ ಒದಗುತ್ತಿದ್ದುದರಿಂದ, ಪೆಟ್ರೋಲಿನ ಆಕ್ಟೇನ್ ಗುಣವೇ ಇಂಥ ಸಾಹಸಕ್ಕೆಲ್ಲ ಗಡಿಯಾಗಿದ್ದಿತು.

ಹೀಗೆ ತಿದ್ದಿದ ಕಾರುಗಳ ಪಂದ್ಯಗಳು ಮದರಾಸಿನ ಬಳಿಯ ಶೋಲಾವರಂ ವಿಮಾನಪಥದಲ್ಲಿ ನಡೆಯುತ್ತಿದ್ದುವು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ತೆಳುಗಾಳಿಗೆ ಹೊಂದಿಸಿದ ಕಾರ್ಬ್ಯುರೇಟರು ಕರಾವಳಿಯ ದಟ್ಟವಾದ ಗಾಳಿಯಲ್ಲಿ ಇಂಧನವನ್ನು ಸಾಲದಷ್ಟು ಕಡಿಮೆ ಕೊಡುವುದರಿಂದ, ಘಟ್ಟವಿಳಿದ ಕಾರಿಗೆ ಇಂಧನವನ್ನು ಅಳೆದು ಬಿಡುವ ಜೆಟ್ಟನ್ನು ದೊಡ್ಡ ರಂಧ್ರದ್ದಾಗಿ ಬದಲಿಸುವುದು ಅವಶ್ಯವಾಗಿದ್ದಿತು.

ಬಳ್ಳಾರಿಯ ಬಿಸಿಲು: ಬಯಲುಸೀಮೆಯಲ್ಲಿ ತೊಂದರೆ ಬೇರೊಂದು ಬಗೆಯದು. ಏಪ್ರಿಲ್ ಮಧ್ಯಾಹ್ನದ 40 ಡಿಗ್ರಿಯ ಸೆಕೆಯಲ್ಲಿ ಸಿರುಗುಪ್ಪದಿಂದಲೋ ಕುರುಗೋಡಿನಿಂದಲೋ ಓಡಿಬಂದು ಬ್ರೂಸ್‌ಪೇಟೆಯ ಜನಸಂದಣಿಯಲ್ಲಿ ತೆವಳುವ ಹಳೆಯ ಫಿಯೆಟ್ಟಿನಲ್ಲಿ, ಎಂಜಿನ್ನಿನ ಮೈಗೇ ಅಂಟಿದ ಪಂಪಿನೊಳಗೆ ಪೆಟ್ರೋಲು ಕುದಿದು ಆವಿಯಾಗಿ, ಆ ಆವಿಯ ಗುಳ್ಳೆ ಇಂಧನದ ದಾರಿಯನ್ನು ಕಟ್ಟುತ್ತದೆ. ಕಾರು ಕೆಮ್ಮಿ ನಿಲ್ಲುತ್ತದೆ. ಬಾನೆಟ್ಟನ್ನೆತ್ತಿ, ಒದ್ದೆಬಟ್ಟೆಯನ್ನು ಪಂಪಿನ ಮೇಲೆ ಹೊದಿಸಿ, ಹತ್ತು ನಿಮಿಷ ಕಾದು ಮತ್ತೆ ಚಾಲೂ ಮಾಡುವುದು ಚಾಲಕರ ಹಳೆಯ ಮದ್ದು. ಟ್ಯಾಂಕಿನ ಬಳಿಯಲ್ಲೇ ವಿದ್ಯುತ್ ಪಂಪನ್ನಿಟ್ಟು ಇಂಧನವನ್ನು ಹಿಂದಿನಿಂದ ತಳ್ಳುವುದು, ಕೊಳವೆಯನ್ನು ಬಿಸಿಯಾದ ಎಕ್ಸಾಸ್ಟಿನಿಂದ ದೂರ ಹಾಯಿಸುವುದು ಇದರ ಶಾಶ್ವತ ಪರಿಹಾರ. ಸಂಡೂರು ಸೀಮೆಯ ಅದಿರಿನ ಕೆಂಧೂಳು ಸಿಲಿಂಡರಿನ ಗೋಡೆಯನ್ನು ಸವೆಸಬಲ್ಲುದಾದ ಕಾರಣ, ಸೊಗಸಿಗೆಂದು ಗಾಳಿಯ ಶೋಧಕವನ್ನು ಕಿತ್ತೊಗೆಯುವುದು ಇಲ್ಲಿ ಸಲ್ಲದು.

ಸಿಂಚನದ ಕಾಲ: 1983ರ ಡಿಸೆಂಬರಿನಲ್ಲಿ 796 ಸಿಸಿಯ ಮಾರುತಿಯೂ 1985ರಲ್ಲಿ 970 ಸಿಸಿಯ ಜಿಪ್ಸಿಯೂ ಬಂದು ಹಗುರವಾದ ಜಪಾನೀ ಎಂಜಿನ್ನುಗಳನ್ನು ಪರಿಚಯಿಸಿದುವು. 2000ದ ಫೆಬ್ರುವರಿಯಲ್ಲಿ ಸೀಸಬೆರೆತ ಪೆಟ್ರೋಲು ದೇಶಾದ್ಯಂತ ನಿಂತುಹೋದಾಗ, ಸೀಸದ ಲೇಪವನ್ನೇ ನಂಬಿದ್ದ ಅಂಬಾಸಿಡರಿನಂಥ ಎರಕದ ಕಬ್ಬಿಣದ ಹೆಡ್ಡುಗಳಿಗೆ ಗಟ್ಟಿಯಾದ ಕವಾಟಪೀಠಗಳನ್ನು ಕೂರಿಸುವ ಅಗತ್ಯ ತಲೆದೋರಿತು. ಅದೇ ವರ್ಷದ ಏಪ್ರಿಲಿನಲ್ಲಿ ಹೊಗೆಯ ನಿಯಮಗಳು ಬಿಗಿಯಾಗಿ, ಕಾರ್ಬ್ಯುರೇಟರು ಹಿಂದೆ ಸರಿದು ಪ್ರತಿ ಸಿಲಿಂಡರಿನ ಬಳಿಯೂ ಇಂಧನವನ್ನು ಒತ್ತಡದಿಂದ ಚಿಮ್ಮಿಸುವ ಬಹುಬಿಂದು ಇಂಧನ ಸಿಂಚನ ಮುಂದೆ ಬಂದಿತು. ಮುಂದೆ ಬಂದ 1298 ಸಿಸಿಯ ಜಿಪ್ಸಿಯ ಬಲ ಸಿಂಚನದೊಡನೆ 16 ಕವಾಟಗಳೂ ಸೇರಿದಾಗ 60ರಿಂದ 80 ಅಶ್ವಶಕ್ತಿಗೆ ಏರಿದುದು, ಗಾಳಿ ಮತ್ತು ಇಂಧನಗಳೆರಡನ್ನೂ ಒಟ್ಟಿಗೆ ಹೆಚ್ಚಿಸಬೇಕೆಂಬುದಕ್ಕೆ ಒಳ್ಳೆಯ ನಿದರ್ಶನ. ಆದರೆ ಕಾರ್ಬ್ಯುರೇಟರಿಗೆ ಸಾಕಾಗುವ ಒತ್ತಡ ಸುಮಾರು ಕಾಲು ಬಾರ್, ಸಿಂಚನಕ್ಕೆ ಬೇಕಾದುದು ಸುಮಾರು 3 ಬಾರ್; ಹಳೆಯ ಕಾರಿಗೆ ಸಿಂಚನ ಅಳವಡಿಸುವವನು ಪಂಪು, ಕೊಳವೆ, ಕ್ಲಿಪ್ಪು, ಉಳಿದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ದಾರಿ ಇವೆಲ್ಲವನ್ನೂ ಬದಲಿಸದಿದ್ದರೆ ಬೆಂಕಿಯನ್ನು ಕರೆದಂತೆಯೇ ಸರಿ.

ಎಥನಾಲಿನ ಕಾಲ: 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಶೇ. 20 ಎಥನಾಲ್ ಬೆರೆತ ಪೆಟ್ರೋಲು ಲೋಕಾರ್ಪಣವಾಯಿತು. ಒಂದು ಭಾಗ ಪೆಟ್ರೋಲು ಪೂರ್ಣವಾಗಿ ಉರಿಯಲು 14.7 ಭಾಗ ಗಾಳಿ ಬೇಕು, ಎಥನಾಲಿಗೆ 9 ಸಾಕು. ಈ ಮಿಶ್ರಣಕ್ಕೆ ಸುಮಾರು 13.5. ಎಂದರೆ ಅದೇ ಗಾಳಿಗೆ ಇಂಧನ ಹೆಚ್ಚು ಬೇಕಾಗುತ್ತದೆ. ಸೋಲೆಕ್ಸ್ ಕಾರ್ಬ್ಯುರೇಟರಿನ ಜೆಟ್ಟಿನ ಮೇಲೆ ಕೊರೆದ 120 ಎಂಬ ಅಂಕಿ 1.20 ಮಿಲಿಮೀಟರಿನ ರಂಧ್ರವನ್ನು ಸೂಚಿಸುತ್ತದೆ. ಅದರ ಬದಲು 125ನ್ನು ಹಾಕಿದರೆ ರಂಧ್ರದ ವಿಸ್ತೀರ್ಣ ಸುಮಾರು ಶೇ. 8.5ರಷ್ಟು ಹಿಗ್ಗಿ ಕೊರತೆ ಬಹುಮಟ್ಟಿಗೆ ತುಂಬುತ್ತದೆ. ಎಥನಾಲು ಹಳೆಯ ರಬ್ಬರನ್ನು ಕೊಳೆಯಿಸುತ್ತದೆ, ನೀರನ್ನು ಹೀರುತ್ತದೆ. ಆದಕಾರಣ ಜೆಟ್ಟಿಗಿಂತ ಮೊದಲು ಕೊಳವೆಗಳನ್ನೂ ಪಂಪಿನ ಪೊರೆಯನ್ನೂ ಬದಲಿಸಬೇಕು, ಟ್ಯಾಂಕಿನ ತುಕ್ಕನ್ನು ತೊಳೆಯಬೇಕು.

ಯೋಜನೆ ಮತ್ತು ನಿಯಮ: ಮೊದಲು ಪ್ರತಿಯೊಂದು ಸಿಲಿಂಡರಿನ ಸಂಪೀಡನವನ್ನು ಅಳೆದು, ಎಂಜಿನ್ನು ಆರೋಗ್ಯವಾಗಿದೆಯೆಂದು ಖಚಿತಪಡಿಸಿಕೊಂಡು, ಬಳಿಕ ಇಂಧನಮಾರ್ಗ, ಆಮೇಲೆ ಕಿಡಿ, ತಂಪು ಮತ್ತು ಬ್ರೇಕು, ಕಟ್ಟಕಡೆಗೆ ಬಲವರ್ಧನೆ ಎಂಬ ಕ್ರಮವನ್ನು ಪಾಲಿಸುವುದು ಲೇಸು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ವಾಹನದ ಮಾರ್ಪಾಟಿಗೆ ಕಟ್ಟುಪಾಡು ವಿಧಿಸಿದೆ. 2021ರ ನಿಯಮಗಳಂತೆ ಐವತ್ತು ವರ್ಷ ಮೀರಿದ ಕಾರು ಮೂಲರೂಪವನ್ನು ಉಳಿಸಿಕೊಂಡಿದ್ದರೆ ಮಾತ್ರ ವಿಂಟೇಜ್ ನೋಂದಣಿಗೆ ಅರ್ಹ. ಆದುದರಿಂದ ಕಳಚಿದ ಮೂಲಭಾಗವನ್ನು ಎಣ್ಣೆ ಸವರಿ ಜೋಪಾನವಾಗಿಡುವುದೂ ಯೋಜನೆಯ ಅಂಗವೇ. ಕಾರ್ಬ್ಯುರೇಟರಿನ ಕಾರಿನಲ್ಲಿ ಕೆಲಸ ಸರಿಯಾಯಿತೆಂಬುದನ್ನು ಪ್ಲಗ್ ಕಳಚಿ ನೋಡಿಯೇ ತಿಳಿಯುವ ರೂಢಿ ಇಂದಿಗೂ ಉಂಟು: ತುದಿ ಬೆಳ್ಳಗಿದ್ದರೆ ಇಂಧನ ಸಾಲದು, ಮಸಿ ಹಿಡಿದಿದ್ದರೆ ಹೆಚ್ಚಾಯಿತು, ಹುರಿದ ಕಾಫಿಯ ತಿಳಿಗಂದು ಬಣ್ಣಕ್ಕೆ ಬಂದಿದ್ದರೆ ಗಾಳಿ, ಇಂಧನ, ಕಿಡಿ ಮೂರೂ ಒಂದುಗೂಡಿವೆ.