'ಸಾಹಿತ್ಯ: ಜನಪದ' ಅಂದ್ರೆ ಯಾರು? ಕುಣಿತದ ಹಾಡುಗಳ ಧ್ವನಿಮುದ್ರಣಕ್ಕೆ ಒಂದು ಕೈಪಿಡಿ

ಯೂಟ್ಯೂಬ್‌ನಲ್ಲಿ ಯಾವುದಾದರೂ ಒಂದು ಕಂಸಾಳೆ ಹಾಡು ತೆಗೆದು ಕೆಳಗಿನ ವಿವರ ಓದಿ. ಗಾಯಕರ ಹೆಸರು ಇರುತ್ತೆ, ಕಂಪನಿಯ ಹೆಸರು ದಪ್ಪಕ್ಷರದಲ್ಲಿ ಇರುತ್ತೆ. ಸಾಹಿತ್ಯದ ಮುಂದೆ ಬಹುತೇಕ ಒಂದೇ ಪದ: ಜನಪದ. ತಾಳ ಹಾಕಿದವರು ಯಾರು, ತಂಡ ಯಾವ ಊರಿನದು, ಹಾಡನ್ನು ಯಾರಿಂದ ಕಲಿತರು ಅನ್ನೋದು ಸಾಮಾನ್ಯವಾಗಿ ಇರಲ್ಲ. ಕನ್ನಡದ ಕುಣಿತದ ಸಂಗೀತ ತಟ್ಟೆ, ಟೇಪು, ಕ್ಯಾಸೆಟ್ಟು, ಫೋನು ಎಲ್ಲದರಲ್ಲೂ ದಾಖಲಾಗಿದೆ. ಆದರೆ ಅದರ ಜೊತೆ ಹೆಸರುಗಳು ದಾಖಲಾಗಿಲ್ಲ. ಈ ಬರಹದಲ್ಲಿ ಮೂರು ವಿಷಯ ಹೇಳುತ್ತೇನೆ: ಈ ಧ್ವನಿಮುದ್ರಣಗಳು ಹೇಗೆ ಆದವು, ಎಲ್ಲಿ ಸಿಗುತ್ತವೆ, ಮತ್ತು ನಮ್ಮ ಕೈಲಿ ಏನು ಮಾಡೋಕಾಗುತ್ತೆ.

ಒಂದೊಂದು ಕುಣಿತಕ್ಕೆ ಒಂದೊಂದು ಸದ್ದು

'ಜನಪದ ಸಂಗೀತ' ಅಂತ ಒಂದೇ ಡಬ್ಬಿಗೆ ಹಾಕಿಬಿಟ್ಟರೆ ಏನೂ ಅರ್ಥ ಆಗಲ್ಲ. ಬೀರೇಶ್ವರನ ಒಕ್ಕಲಾದ ಕುರುಬರ ಡೊಳ್ಳು ಕುಣಿತದಲ್ಲಿ ಮುಖ್ಯವಾದದ್ದು ಎದೆಗೆ ತಾಗುವ ತಗ್ಗಿನ ನಾದ. ಮಲೆ ಮಹದೇಶ್ವರನ ದೇವರಗುಡ್ಡರ ಬೀಸು ಕಂಸಾಳೆಯಲ್ಲಿ ಅದರ ತದ್ವಿರುದ್ಧ: ಒಂದು ಕೈಯಲ್ಲಿ ಬಟ್ಟಲಿನಂಥ ತಾಳ, ಇನ್ನೊಂದರಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ, ಕಂಚಿನ ಚೂಪು ಸದ್ದು. ಮೈಲಾರಲಿಂಗನ ಗೊರವರದು ಡಮರುಗ ಮತ್ತು ಕೊಳಲು. ಮಂಟೇಸ್ವಾಮಿಯ ನೀಲಗಾರರದು ತಂಬೂರಿ, ಗಗ್ಗರ, ದಮ್ಮಡಿ. ಪೂಜಾ ಕುಣಿತದಲ್ಲಿ ಹಾಡಿಗಿಂತ ತಮಟೆಯ ಗತ್ತೇ ಮುಖ್ಯ.

ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತದ ಗುಮಟೆಯದು ಬೇರೆಯೇ ಕಥೆ. ಗುಮಟೆ ಅಂದ್ರೆ ಮಣ್ಣಿನ ಗಡಿಗೆ, ಬಾಯಿಗೆ ಚರ್ಮ. ಹಿಂದೆ ಆ ಚರ್ಮ ಉಡದ್ದಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಉಡವನ್ನು ಕೊಲ್ಲುವಂತಿಲ್ಲ, ಅದು ಸರಿಯಾದದ್ದೇ. ಮೇಕೆ ಚರ್ಮ ಬಿಗಿದರೆ ನಾದ ಬೇರೆಯಾಗುತ್ತೆ. ಅಂದ್ರೆ ಹಳೆಯ ಗುಮಟೆಯ ಸದ್ದು ಮುಂದಿನವರಿಗೆ ಸಿಗೋದು ಹಳೆಯ ಧ್ವನಿಮುದ್ರಣದಲ್ಲಿ ಮಾತ್ರ. ಟೇಪು ಹಾಳಾದರೆ ಆ ಸದ್ದನ್ನು ಮತ್ತೆ ಮಾಡಿಸೋಕಾಗಲ್ಲ.

ಮೂರು ನಿಮಿಷದ ತಟ್ಟೆ, ರಾತ್ರಿಯಿಡೀ ನಡೆಯುವ ಕಥೆ

ಭಾರತದಲ್ಲಿ ವಾಣಿಜ್ಯ ಧ್ವನಿಮುದ್ರಣ ಶುರುವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಆಗ ಹಾಡಿದ ಗೌಹರ್ ಜಾನ್ ಕೊನೆಗಾಲ ಕಳೆದದ್ದು ನಮ್ಮ ಮೈಸೂರಿನಲ್ಲಿ. 1930ರಲ್ಲಿ ಅಲ್ಲೇ ತೀರಿಕೊಂಡರು. ಆ ಕಾಲದ ಹತ್ತಿಂಚಿನ 78 ಆರ್‌ಪಿಎಂ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದು ಸುಮಾರು 3 ನಿಮಿಷ. 1925ರ ಸುಮಾರಿಗೆ ವಿದ್ಯುತ್ ಮೈಕ್ ಬರೋವರೆಗೆ ದೊಡ್ಡ ಕೊಳವೆಯ ಮುಂದೆ ನಿಂತು ಹಾಡಬೇಕಿತ್ತು. ಚರ್ಮವಾದ್ಯಕ್ಕೆ ಒಂದು ಜೋರು ಪೆಟ್ಟು ಬಿದ್ದರೆ ಮೇಣದ ಮೇಲಿನ ಗೆರೆಯೇ ಕೆಡುತ್ತಿತ್ತು.

ಎಂಜಿನಿಯರಿಂಗ್ ಓದಿದ ನನಗೆ ಈ ವಿಷಯ ಬಹಳ ಮುಖ್ಯ ಅನಿಸುತ್ತೆ. ಯಾವ ಸಂಗೀತ ಉಳಿಯಿತು ಅನ್ನೋದನ್ನು ಅಭಿರುಚಿ ಮಾತ್ರ ತೀರ್ಮಾನಿಸಲಿಲ್ಲ, ಯಂತ್ರವೂ ತೀರ್ಮಾನಿಸಿತು. ಒಬ್ಬರು ಹಾಡಿ ಇಬ್ಬರು ನುಡಿಸುವ ರಂಗಗೀತೆ, ಕೀರ್ತನೆ ತಟ್ಟೆಯಲ್ಲಿ ಸಲೀಸಾಗಿ ಕೂತವು. ಹತ್ತು ಡೊಳ್ಳು ಕೂರಲಿಲ್ಲ. ರಾತ್ರಿಯಿಡೀ ಸಾಗುವ ಮಾದಪ್ಪನ ಕಥೆ ಹೇಗೂ ಕೂರುವ ಮಾತೇ ಇಲ್ಲ. ಮುಂದೆ ಪಿ. ಕಾಳಿಂಗರಾಯರಂಥವರ ಕಂಠದಲ್ಲಿ ಜನಪದ ಗೀತೆಗಳು ನಾಡಿಗೆಲ್ಲ ಮುಟ್ಟಿದವು. ಆದರೆ ಅದು ಕಛೇರಿಯ ರೂಪ, ಕುಣಿತದ ಕಣದ್ದಲ್ಲ.

ಕಣಕ್ಕೇ ಹೋದವರೂ ಇದ್ದರು. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತ ಸುತ್ತಿ ಧ್ವನಿ ಮತ್ತು ಚಿತ್ರ ಎರಡನ್ನೂ ದಾಖಲಿಸಿದರು. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಅದೇ ದಾರಿ ಹಿಡಿದು ತಮಿಳುನಾಡು, ಕೇರಳ, ಕರ್ನಾಟಕದಲ್ಲಿ ಏನು ಉಳಿದಿದೆ, ಏನು ಬದಲಾಗಿದೆ ಅಂತ ಹುಡುಕಿದರು. ಹಾಗೆ ಮರಳಿ ಹೋಗೋಕೆ ಸಾಧ್ಯವಾದದ್ದು ಎಲ್ಲಿ, ಯಾವಾಗ ದಾಖಲಿಸಿದ್ದು ಅಂತ ಬರೆದಿಟ್ಟಿದ್ದರಿಂದ.

ಕ್ಯಾಸೆಟ್ ಬಂತು, ಪೇಟೆ ಬದಲಾಯಿತು

1970ರ ದಶಕದ ಕೊನೆಯಿಂದ ಲೆಕ್ಕ ಬದಲಾಯಿತು. ಸಿ-60 ಕ್ಯಾಸೆಟ್ಟಿನ ಒಂದು ಬದಿ ಅಂದ್ರೆ 30 ನಿಮಿಷ. ತಟ್ಟೆ ಒತ್ತುವ ಕಾರ್ಖಾನೆ ಬೇಕಿರಲಿಲ್ಲ, ಸಾಲಾಗಿ ನಕಲು ಮಾಡುವ ಯಂತ್ರ ಸಾಕಿತ್ತು. ಮೈಸೂರು ಅನಂತಸ್ವಾಮಿಯವರ 'ನಿತ್ಯೋತ್ಸವ' 1978ರಲ್ಲಿ ಬಂದು ಭಾವಗೀತೆಗೆ ಕ್ಯಾಸೆಟ್ ಮಾರುಕಟ್ಟೆ ತೆರೆಯಿತು. ಚಾಮರಾಜಪೇಟೆಯ ಲಹರಿಯಂಥ ಸ್ಥಳೀಯ ಕಂಪನಿಗಳು ಬೆಳೆದವು. ಚಿಕ್ಕಪೇಟೆಗೆ ಬಟ್ಟೆ ಕೊಳ್ಳೋಕೆ ಬಂದವರು ಊರಿಗೆ ಹೋಗುವಾಗ ಮೆಜೆಸ್ಟಿಕ್ಕಿನಲ್ಲಿ ಒಂದು ಮಾದಪ್ಪನ ಕ್ಯಾಸೆಟ್ ಹಿಡಿದು ಬಸ್ಸು ಹತ್ತುವ ಕಾಲ ಅದು.

ಜನಪದಕ್ಕೆ ಇದರಿಂದ ನಿಜವಾದ ಲಾಭ ಆಯಿತು. ಮಳವಳ್ಳಿ ಮಹದೇವಸ್ವಾಮಿಯವರ ತಂಬೂರಿ ಕಥೆಗಳು, ಗುರುರಾಜ ಹೊಸಕೋಟೆಯವರ ಉತ್ತರ ಕರ್ನಾಟಕದ ಹಾಡುಗಳು ಹಳ್ಳಿಯ ಟೀ ಅಂಗಡಿವರೆಗೆ ಹೋದವು. ಮೂರು ನಿಮಿಷಕ್ಕೆ ಕತ್ತರಿಸದೆ ಕಥೆಯನ್ನು ಕಥೆಯ ಹಾಗೇ ಕೇಳೋಕಾಯಿತು.

ನಷ್ಟವೂ ಆಯಿತು. ಅಗ್ಗದ ಕ್ಯಾಸೆಟ್ಟಿನಲ್ಲಿ ಮೇಲಿನ ಸ್ತರದ ಸದ್ದು ಮಂಕಾಗುತ್ತೆ, ಕಂಸಾಳೆಯ ಕಂಚು ತಗಡಿನ ಹಾಗೆ ಕೇಳುತ್ತೆ. ಆಮೇಲೆ ಕಡಿಮೆ ಬಿಟ್‌ರೇಟಿನ ಎಂಪಿ3 ಬಂದಾಗ ಅದೇ ಸದ್ದು ನೀರಿನಲ್ಲಿ ಅದ್ದಿದ ಹಾಗಾಯಿತು. ಖರ್ಚು ಉಳಿಸೋಕೆ ತಮಟೆಯ ಜಾಗಕ್ಕೆ ರಿದಂ ಪ್ಯಾಡ್, ಕೊಳಲಿನ ಜಾಗಕ್ಕೆ ಕೀಬೋರ್ಡ್ ಬಂತು. ಇದರಲ್ಲಿ ತಪ್ಪೇನಿಲ್ಲ, ಕಲಾವಿದರೂ ಕಾಲದ ಜೊತೆ ನಡೆಯಬೇಕು. ಆದರೆ ಕವರಿನ ಮೇಲೆ ಜಾಗ ಇದ್ದರೂ ತಾಳದವರ ಹೆಸರು ಹಾಕದೆ ಹೋದದ್ದಕ್ಕೆ ಯಾವ ತಂತ್ರಜ್ಞಾನವೂ ಕಾರಣ ಅಲ್ಲ.

ಐರ್ಲೆಂಡಿನವರು ಏನು ಮಾಡಿದರು

ಇದೇ ದಾರಿಯಲ್ಲಿ ನಡೆದ ಇನ್ನೊಂದು ಕುಣಿತದ ಸಂಗೀತ ಐರ್ಲೆಂಡಿನದು. ಅವರ ಜಿಗ್ ಎಣಿಕೆ ಮೂರು ಮೂರರ ಎರಡು ಗುಂಪು. ತಿಶ್ರ ನಡೆಯ ಕೋಲಾಟ ಕೇಳಿದವರ ಕಾಲು ಅದಕ್ಕೂ ತಾನಾಗಿ ತಾಳ ಹಾಕುತ್ತೆ. ಸ್ಲೈಗೋ ಜಿಲ್ಲೆಯ ಪಿಟೀಲುಗಾರ ಮೈಕೆಲ್ ಕೋಲ್ಮನ್ 1914ರಲ್ಲಿ ಅಮೆರಿಕಕ್ಕೆ ಹೋಗಿ, 1921ರಿಂದ 1936ರವರೆಗೆ ಅಲ್ಲಿ 78 ತಟ್ಟೆಗಳಿಗೆ ನುಡಿಸಿದರು. ಆ ತಟ್ಟೆಗಳು ತಾಯ್ನಾಡಿಗೆ ಮರಳಿದಾಗ ಊರೂರಿನವರು ಕೋಲ್ಮನ್ ಶೈಲಿಯನ್ನೇ ಕಲಿಯತೊಡಗಿದರು, ತಮ್ಮ ಊರಿನ ವರಸೆ ಹಿಂದೆ ಬಿತ್ತು. ಒಂದು ಧ್ವನಿಮುದ್ರಣ ಹಾಡನ್ನು ಉಳಿಸುತ್ತೆ, ಜೊತೆಗೆ ಅದರ ನೂರು ಪಾಠಾಂತರಗಳನ್ನು ಪಕ್ಕಕ್ಕೂ ತಳ್ಳುತ್ತೆ.

ನಮ್ಮಲ್ಲೂ ಹೀಗೇ ಆಗಿದೆ. 'ಕೋಲುಮಂಡೆ ಜಂಗಮದೇವ' ಅಂದ ತಕ್ಷಣ ಹೆಚ್ಚಿನವರ ಕಿವಿಯಲ್ಲಿ ಕೇಳೋದು 1996ರ 'ಜನುಮದ ಜೋಡಿ' ಚಿತ್ರದಲ್ಲಿ ವಿ. ಮನೋಹರ್ ಸಂಗೀತಕ್ಕೆ ಎಲ್.ಎನ್. ಶಾಸ್ತ್ರಿ ಹಾಡಿದ್ದು. ಅದಕ್ಕೆ ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿಯೂ ಬಂತು. ಚೆನ್ನಾಗಿಯೇ ಇದೆ. ಆದರೆ ಈಗ ಶಾಲಾ ವಾರ್ಷಿಕೋತ್ಸವದಲ್ಲಿ ಮಕ್ಕಳು ಕಲಿಯೋದು ಸಿನಿಮಾದ್ದನ್ನೇ, ದೇವರಗುಡ್ಡರದ್ದನ್ನಲ್ಲ.

ಐರ್ಲೆಂಡಿನವರಿಂದ ಎರಡು ವಿಷಯ ಕಲಿಯಬಹುದು. 1987ರಲ್ಲಿ ಡಬ್ಲಿನ್‌ನಲ್ಲಿ ಸಾಂಪ್ರದಾಯಿಕ ಸಂಗೀತಕ್ಕೆಂದೇ ಸಾರ್ವಜನಿಕ ಸಂಗ್ರಹಾಲಯ ಶುರು ಮಾಡಿದರು. ಯಾರು ಬೇಕಾದರೂ ಹೋಗಿ ಕೇಳಬಹುದು. ಎರಡನೆಯದಕ್ಕೆ ಕಟ್ಟಡವೂ ಬೇಕಿಲ್ಲ. ಈ ಧಾಟಿಯನ್ನು ಇಂಥವರಿಂದ, ಇಂಥ ಊರಲ್ಲಿ ಕಲಿತೆ ಅಂತ ಆಲ್ಬಮ್ಮಿನ ಟಿಪ್ಪಣಿಯಲ್ಲಿ ಬರೆಯುವ ರೂಢಿ ಅವರಲ್ಲಿ ಗಟ್ಟಿಯಾಗಿದೆ. ಕರ್ತೃ ಯಾರೆಂದು ಗೊತ್ತಿಲ್ಲದಿದ್ದರೂ ಹಾಡು ಬಂದ ದಾರಿ ಗೊತ್ತಿರುತ್ತೆ.

ನಮ್ಮ ತತ್ವಪದಕಾರರು ಈ ಸಮಸ್ಯೆಯನ್ನು ಮೊದಲೇ ಬಗೆಹರಿಸಿದ್ದರು. ಶಿಶುನಾಳ ಷರೀಫರ ಅಂಕಿತ ಪದದೊಳಗೇ ಇದೆ. ರಘು ದೀಕ್ಷಿತ್ ಗಿಟಾರು, ಪಿಟೀಲು ಹಿಡಿದು 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮಕ್ಕೆ, ಮರುವರ್ಷ ಗ್ಲಾಸ್ಟನ್‌ಬರಿಗೆ ಹೋದಾಗಲೂ ಅವರ ಜನಪ್ರಿಯ ಹಾಡುಗಳ ಹಿಂದೆ ಷರೀಫರ ಹೆಸರು ಇತ್ತು. ಕುಣಿತದ ಹಾಡಿಗೆ ಅಂಕಿತ ಇಲ್ಲ, ಆದ್ದರಿಂದ ಅದನ್ನು ಹೊರಗಿನಿಂದ ಬರೆದಿಡಬೇಕು.

ಎಲ್ಲಿ ಕೇಳಬಹುದು

ಮೊದಲ ವಿಳಾಸ ರಾಮನಗರದ ಜಾನಪದ ಲೋಕ. ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, ಟೇಪ್ ರೆಕಾರ್ಡರು, ಕ್ಯಾಮೆರಾ ಹಿಡಿದು ಊರೂರು ಸುತ್ತಿ ಮಾಡಿಸಿದ ದಾಖಲೆಗಳು ಅಲ್ಲಿವೆ. ಎರಡನೆಯದು ಉಡುಪಿಯ ಎಂ.ಜಿ.ಎಂ. ಕಾಲೇಜಿನ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರ, ಕು.ಶಿ. ಹರಿದಾಸ ಭಟ್ಟರು ಬೆಳೆಸಿದ್ದು, ಕರಾವಳಿಯ ಕಲೆಗಳಿಗೆ ಮುಖ್ಯ. ಮೂರನೆಯದು ಆಕಾಶವಾಣಿ: 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಶುರು ಮಾಡಿದ್ದು 1955ರಲ್ಲಿ ಬೆಂಗಳೂರಿಗೆ ಬಂತು. ಧಾರವಾಡ ಕೇಂದ್ರ 1950ರದು. ಜನಪದ ಸಂಗೀತಕ್ಕೆ ನಿತ್ಯದ ಜಾಗ ಕೊಟ್ಟ ಮಾಧ್ಯಮ ಇದು. ನಾಲ್ಕನೆಯದು ಗುರುಗ್ರಾಮದ ಎಆರ್‌ಸಿಇ. 1982ರಲ್ಲಿ ಶುರುವಾದ ಈ ಸಂಗ್ರಹಾಲಯದಲ್ಲಿ ದೇಶದ ಸಂಶೋಧಕರ ಕ್ಷೇತ್ರ ಧ್ವನಿಮುದ್ರಣಗಳ ಪ್ರತಿಗಳಿವೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವೂ ಇದೆ.

ಹಕ್ಕು ಯಾರದು?

ಕಾನೂನು ಮೂರು ಪದರವಾಗಿದೆ. ಕರ್ತೃ ಗೊತ್ತಿಲ್ಲದ ಹಳೆಯ ಹಾಡಿಗೆ ಹಕ್ಕುಸ್ವಾಮ್ಯ ಇಲ್ಲ, ಯಾರು ಬೇಕಾದರೂ ಹಾಡಬಹುದು. ಅದರ ಧ್ವನಿಮುದ್ರಣದ ಹಕ್ಕು ಮಾತ್ರ ನಿರ್ಮಾಪಕರದು, ಪ್ರಕಟವಾದ ಮೇಲೆ 60 ವರ್ಷ. ಹಾಡಿದವರಿಗೆ, ನುಡಿಸಿದವರಿಗೆ ಪ್ರದರ್ಶಕರ ಹಕ್ಕು 50 ವರ್ಷ. 2012ರ ತಿದ್ದುಪಡಿ ವಾಣಿಜ್ಯ ಬಳಕೆಯಲ್ಲಿ ಅವರಿಗೆ ರಾಯಲ್ಟಿಯ ಪಾಲನ್ನೂ ಹೇಳುತ್ತೆ.

ತೊಂದರೆ ಇರೋದು ಇಲ್ಲೇ. ರಾಯಲ್ಟಿ ಕೇಳಬೇಕಾದರೆ 'ಈ ತಾಳ ಹಾಕಿದ್ದು ನಾನೇ' ಅಂತ ತೋರಿಸಬೇಕು. ಕವರಿನ ಮೇಲೆ ಹೆಸರಿಲ್ಲ, ಕರಾರಿನಲ್ಲೂ ಹೆಸರಿಲ್ಲ ಅಂದ್ರೆ ಕೇಳೋದು ಹೇಗೆ? ಹೆಸರು ಬರೆಯೋದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ, ದುಡ್ಡಿನ ಪ್ರಶ್ನೆಯೂ ಹೌದು.

ಕಾನೂನು ಹೇಳದ ಇನ್ನೊಂದು ಪದರ ಸಮುದಾಯದ್ದು. 2020ರ ಆಗಸ್ಟ್‌ನಲ್ಲಿ ಚಂದನ್ ಶೆಟ್ಟಿ ಅದೇ 'ಕೋಲುಮಂಡೆ'ಯನ್ನು ರ‍್ಯಾಪ್ ಮಾಡಿದಾಗ ಶರಣೆ ಸಂಕಮ್ಮನನ್ನು ತೋರಿಸಿದ ರೀತಿಗೆ ಮಾದಪ್ಪನ ಭಕ್ತರು ಸಿಟ್ಟಾದರು. ಅವರು ಕ್ಷಮೆ ಕೇಳಿದರು, ವಿಡಿಯೊ ತೆಗೆಯಲಾಯಿತು. ರೀಮಿಕ್ಸ್ ಮಾಡಲೇಬಾರದು ಅಂತ ನಾನು ಹೇಳಲ್ಲ. ಆದರೆ ಒಂದು ಹಾಡು ಯಾರದ್ದೂ ಅಲ್ಲ ಅಂತ ಅಂದುಕೊಳ್ಳೋದಕ್ಕೂ, ಅದು ಒಂದು ಒಕ್ಕಲಿನ ಎಲ್ಲರದ್ದು ಅಂತ ತಿಳಿಯೋದಕ್ಕೂ ವ್ಯತ್ಯಾಸ ಇದೆ.

ಮನೆಯಲ್ಲಿ ಕ್ಯಾಸೆಟ್ ಇದ್ದರೆ

ಅಜ್ಜಿಯ ಕೋಲಾಟದ ಪದವೋ, ಊರ ಜಾತ್ರೆಯ ವೀರಗಾಸೆಯ ಒಡಪೋ ಅಟ್ಟದ ಮೇಲೆ ಇರಬಹುದು. ಅದರ ಇನ್ನೊಂದು ಪ್ರತಿ ಜಗತ್ತಿನಲ್ಲಿ ಎಲ್ಲೂ ಇಲ್ಲದಿರಬಹುದು. ಹೀಗೆ ಮಾಡಿ:

1. ಕ್ಯಾಸೆಟ್ಟಿನ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಚೂರು ಮುರಿದುಬಿಡಿ. ಕೈತಪ್ಪಿ ಅದರ ಮೇಲೆ ಬೇರೆ ರೆಕಾರ್ಡ್ ಆಗಲ್ಲ.

2. ಭಾನುವಾರ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ಹಳೆಯ ಟೇಪ್ ರೆಕಾರ್ಡರ್ ಹುಡುಕಬಹುದು. ಕೊಳ್ಳುವ ಮೊದಲು ಅಲ್ಲೇ ಓಡಿಸಿ ನೋಡಿ. ಮೊದಲ ಪರೀಕ್ಷೆಗೆ ಬೇಡದ ಕ್ಯಾಸೆಟ್ ಒಯ್ಯಿರಿ. ವೈರು, ಯುಎಸ್‌ಬಿ ಸೌಂಡ್ ಕಾರ್ಡ್ ಎಸ್.ಪಿ. ರಸ್ತೆಯಲ್ಲಿ ಸಿಗುತ್ತೆ.

3. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಹಿಂದಕ್ಕೆ ಸುತ್ತಿ, ಆಮೇಲೆ ನುಡಿಸಿ.

4. ವೇವ್ ಫೈಲಾಗಿ ಉಳಿಸಿ. ಎಂಪಿ3 ಬೇಕಿದ್ದರೆ ಹಂಚೋಕೆ ಆಮೇಲೆ ಮಾಡಿಕೊಳ್ಳಿ. 'ಶಬ್ದ ಶುದ್ಧಿ' ಮಾಡುವ ಆ್ಯಪ್‌ಗಳನ್ನು ಮೂಲ ಪ್ರತಿಗೆ ಮುಟ್ಟಿಸಬೇಡಿ. ಗೆಜ್ಜೆಯ ಸದ್ದನ್ನೂ ಅವು ಕಸ ಅಂದುಕೊಳ್ಳುತ್ತವೆ.

5. ಯಾರು ಹಾಡಿದ್ದು, ಯಾರು ನುಡಿಸಿದ್ದು, ಯಾವ ಊರು, ಯಾವ ವರ್ಷ, ಯಾವ ಸಂದರ್ಭ ಅಂತ ಬರೆದಿಡಿ. ಹಿರಿಯರು ಇದ್ದಾಗಲೇ ಕೇಳಿ.

ಹೊಸದಾಗಿ ಫೋನಿನಲ್ಲಿ ದಾಖಲಿಸುವಾಗ ಡೊಳ್ಳಿಗೆ ತೀರಾ ಹತ್ತಿರ ನಿಲ್ಲಬೇಡಿ. ಸದ್ದಿನ ಮಟ್ಟವನ್ನು ತಾನೇ ಏರಿಳಿಸುವ ಸೌಲಭ್ಯ ಆರಿಸಲು ಬಂದರೆ ಆರಿಸಿ; ಇಲ್ಲದಿದ್ದರೆ ಮೆಲ್ಲನೆಯ ಪೆಟ್ಟೂ ಜೋರು ಪೆಟ್ಟೂ ಒಂದೇ ಆಗಿಬಿಡುತ್ತೆ. ಮೊದಲು ತಂಡದವರ ಒಪ್ಪಿಗೆ ಕೇಳಿ, ಅವರ ಹೆಸರು, ಊರನ್ನು ಅವರ ಬಾಯಲ್ಲೇ ಹೇಳಿಸಿ. ಹತ್ತು ಸೆಕೆಂಡು ಸಾಕು.

ಚೈತ್ರ ಪೌರ್ಣಮಿಯ ರಾತ್ರಿ ಧರ್ಮರಾಯನ ಗುಡಿಯಿಂದ ಕರಗ ಹೊರಟು ಪೇಟೆಯ ಬೀದಿಗಳಲ್ಲಿ ಸಾಗುವಾಗ ಸಾವಿರಾರು ಫೋನುಗಳು ಮೇಲೆದ್ದಿರುತ್ತವೆ. ಇಷ್ಟು ಸುಲಭವಾಗಿ ಕುಣಿತದ ಸದ್ದನ್ನು ಹಿಡಿಯುವ ಅವಕಾಶ ಹಿಂದಿನ ಯಾವ ತಲೆಮಾರಿಗೂ ಇರಲಿಲ್ಲ. ವಾದ್ಯದವರು ಯಾರು ಅಂತ ಕೇಳಿ ಬರೆದುಕೊಂಡವರು ಅವರಲ್ಲಿ ಹತ್ತು ಮಂದಿ ಇದ್ದರೂ, ಮುಂದೆ ಈ ಸದ್ದುಗಳನ್ನು ಹುಡುಕುವವರಿಗೆ 'ಜನಪದ' ಅನ್ನೋ ಒಂದೇ ಪದದ ಜಾಗದಲ್ಲಿ ನಾಲ್ಕು ಹೆಸರು ಸಿಗುತ್ತವೆ.