ಕಡತಕ್ಕೆ ಪಾಸ್‌ವರ್ಡ್ ಇರಲಿಲ್ಲ

ಹೋದ ಯುಗಾದಿಗೆ ಎಮ್ಮೆದೊಡ್ಡಿಗೆ ಹೋದಾಗ ಅಪ್ಪ ಫೋನ್ ಮುಂದಿಟ್ಟು, "ಲೆಕ್ಕ ತೆರಿತಾ ಇಲ್ಲ, ಏನಾಗಿದೆ ನೋಡೋ" ಅಂದರು. ಮೂರು ವರ್ಷದ ಕೂಲಿ ಲೆಕ್ಕ, ಬೋರ್‌ವೆಲ್ ಖರ್ಚು, ಯಾರಿಗೆ ಎಷ್ಟು ಮುಂಗಡ ಕೊಟ್ಟಿದ್ದು, ಎಲ್ಲ ಒಂದು ಆಪ್‌ನಲ್ಲಿತ್ತು. ಹಾಕಿಕೊಟ್ಟವನು ನಾನೇ. ಆಪ್ ಓಟಿಪಿ ಕೇಳುತ್ತಿತ್ತು. ಅದು ಹೋಗುತ್ತಿದ್ದದ್ದು ರೀಚಾರ್ಜ್ ಇಲ್ಲದೆ ಬಂದ್ ಆದ ಹಳೇ ಸಿಮ್‌ಗೆ. ಅಷ್ಟರಲ್ಲಿ ತೋಟದ ಕೆಲಸಕ್ಕೆ ಬರುವ ಒಬ್ಬರು, ತಗೊಂಡ ಮುಂಗಡ ಪೂರ್ತಿ ತೀರಿಸಿದೀನಿ ಅಂದಿದ್ದರು. ಅಪ್ಪನ ನೆನಪಲ್ಲಿ ಅರ್ಧ ಬಾಕಿ. ಇಬ್ಬರೂ ಸುಳ್ಳು ಹೇಳುವವರಲ್ಲ. ಅಪ್ಪ ನನ್ನ ಬೈಯಲಿಲ್ಲ. ಅಟ್ಟದಿಂದ ಅಜ್ಜನ ಲೆಕ್ಕದ ಪುಸ್ತಕ ಇಳಿಸಿ ಧೂಳು ಕೊಡವಿದರು, ಅಷ್ಟೆ. ಬೈದಿದ್ದರೇ ವಾಸಿಯಿತ್ತು.

ಬೀರೂರಲ್ಲಿ ರೈಲು ಹತ್ತಿದ ಮೇಲೂ ತಲೆಯಲ್ಲಿ ಅದೇ. ಸರ್ಕಾರಿ ಆಫೀಸುಗಳಲ್ಲಿ 'ಕಡತ ವಿಲೇವಾರಿ' ಅನ್ನೋ ಮಾತು ಕೇಳಿರುತ್ತೀರಿ. ಈ ಕಡತ ಮೊದಲು ಫೈಲ್ ಆಗಿರಲಿಲ್ಲ, ಬಟ್ಟೆಯಾಗಿತ್ತು. ಹತ್ತಿ ಬಟ್ಟೆಯ ಉದ್ದನೆ ಪಟ್ಟಿಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಕತ್ತರಿಸದೆ ಹಿಂದೆ ಮುಂದೆ ಮಡಿಸುತ್ತಿದ್ದರು. ಎರಡು ತುದಿಗೂ ಮರದ ಹಲಗೆ. ಬರೆಯೋದು ಬಳಪದಲ್ಲಿ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರತಂದ ಇತಿಹಾಸದಲ್ಲಿ ಅದರ ಅಳತೆಯನ್ನೂ ಕೊಡುತ್ತಾನೆ: ಅಗಲ 8ರಿಂದ 12 ಇಂಚು, ಉದ್ದ 12ರಿಂದ 18 ಅಡಿ. ತಪ್ಪಾದರೆ ಒರೆಸಿ ಮತ್ತೆ ಬರೆಯಬಹುದು. ಜೋಪಾನವಾಗಿಟ್ಟರೆ ತಲೆಮಾರುಗಟ್ಟಲೆ ಉಳಿಯುತ್ತದೆ. ನಮ್ಮ ಜಿಲ್ಲೆಯ ಶೃಂಗೇರಿ ಮಠದ ಕಡತಗಳನ್ನು ಸಂಶೋಧಕರು ಇವತ್ತಿಗೂ ಓದುತ್ತಾರೆ.

ಕಡತಕ್ಕೆ ಪಾಸ್‌ವರ್ಡ್ ಇರಲಿಲ್ಲ ಅನ್ನೋದು ಪೂರ್ತಿ ನಿಜವೇನಲ್ಲ. ಶಾನುಭೋಗರೇ ಪಾಸ್‌ವರ್ಡ್. ಅವರ ಮನೆ ಜಗಲಿ ಹತ್ತದೆ ಊರಿನ ಲೆಕ್ಕ ತೆರೆಯುತ್ತಿರಲಿಲ್ಲ. ವಂಶಪಾರಂಪರ್ಯ ಗ್ರಾಮಾಧಿಕಾರ 1961ರ ಕಾಯ್ದೆಯಿಂದ, 1963ರಲ್ಲಿ ಹೋಯಿತು. ಶಾನುಭೋಗರ ಜಾಗಕ್ಕೆ ಗ್ರಾಮಲೆಕ್ಕಿಗರು ಬಂದರು. ಪಹಣಿ ಮಾತ್ರ ಒಬ್ಬರ ಚೀಲದಿಂದ ಇನ್ನೊಬ್ಬರ ಚೀಲಕ್ಕೆ ಹೋಯಿತು.

ಅದನ್ನು ಚೀಲದಿಂದ ಹೊರಗೆ ತೆಗೆದದ್ದು 'ಭೂಮಿ' ಯೋಜನೆ. 2000ದ ಆಸುಪಾಸಿನಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಬಂದವು. ಆಗ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರತಿ ಕೈಗೆ ಬರುತ್ತಿತ್ತು. ಎಂಜಿನಿಯರ್ ಆಗಿ ನನಗೆ ತುಂಬ ಇಷ್ಟವಾಗೋದು ಅದರ ಎರಡು ಏರ್ಪಾಡು. ದಾಖಲೆ ತಿದ್ದುವ ಅಧಿಕಾರಿ ಬೆರಳಚ್ಚು ಕೊಟ್ಟು ಲಾಗಿನ್ ಆಗಬೇಕು. ಕೌಂಟರಿನ ಈಚೆ ನಿಂತ ರೈತನ ಕಡೆಗೆ ಇನ್ನೊಂದು ಪರದೆ ತಿರುಗಿಸಿಟ್ಟಿರುತ್ತಿತ್ತು, ಅವನು ಸುಮ್ಮನೆ ನೋಡಬಹುದು. ಲಾಗಿನ್ ತಿದ್ದುವವನಿಗೆ, ನೋಡುವವನಿಗಲ್ಲ. ಆಮೇಲೆ ವೆಬ್‌ನಲ್ಲೂ ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರ್ ಒತ್ತಿದರೆ ಪಹಣಿ ಕಾಣುವ ಹಾಗಾಯಿತು. ಅಜ್ಜನ ಪುಸ್ತಕದ ಒಳರಟ್ಟಿನ ಮೇಲೆ ಪೆನ್ಸಿಲಲ್ಲಿ ಬರೆದ ಸರ್ವೆ ನಂಬರನ್ನು ನಾನು ಹೀಗೇ ತಾಳೆ ನೋಡಿದ್ದು.

ಈ ಗುಣದ ಇನ್ನೊಂದು 'ಅಲರ್' ನಿಘಂಟು. ವಿ. ಕೃಷ್ಣ ಅವರು ಒಬ್ಬರೇ ಕೂತು ನಾಲ್ಕು ದಶಕ ಕಟ್ಟಿದ ಒಂದೂವರೆ ಲಕ್ಷ ಪದಗಳು 2019ರಲ್ಲಿ ವೆಬ್‌ಗೆ ಬಂದವು. ಹುಡುಕೋಕೆ ನಮ್ಮ ಹೆಸರೂ ಬೇಡ, ನಂಬರೂ ಬೇಡ.

ಬೆಂಗಳೂರಿಗೆ ಬಂದು ಒಂದು ಭಾನುವಾರ ಕೂತು ಅಪ್ಪನಿಗೆ ಒಂದೇ ಪುಟದ ಲೆಕ್ಕದ ಸಾಧನ ಬರೆದೆ. ಸರ್ವರ್ ಇಲ್ಲ, ಲಾಗಿನ್ ಇಲ್ಲ, ನೆಟ್ ಹೋದರೂ ನಡೆಯುತ್ತೆ. ಕೂಡಿ ಕಳೆದು ತೋರಿಸುತ್ತೆ, ಏನನ್ನೂ ಇಟ್ಟುಕೊಳ್ಳಲ್ಲ. ಇಟ್ಟುಕೊಳ್ಳೋದು ನೋಟ್‌ಬುಕ್ಕಿನ ಕೆಲಸ. ಆಫೀಸಲ್ಲಿ ತೋರಿಸಿದರೆ ನಗ್ತಾರೆ.

ಹಳೇ ಲೆಕ್ಕ ಸಿಗಲೇ ಇಲ್ಲ. ಅಪ್ಪ ಅವರನ್ನು ಕರೆಸಿ, ಅವರ ಎದುರಿಗೇ ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ 'ಮುಂಗಡ ಚುಕ್ತಾ' ಅಂತ ಬರೆದರಂತೆ. ಅವರು ಕನ್ನಡಕ ಇಸ್ಕೊಂಡು ಎರಡು ಸಲ ಓದಿ ಪಕ್ಕದಲ್ಲಿ ರುಜು ಹಾಕಿದ್ದಾರೆ.