ಆಟದ ಕಾರು, ಪಂದ್ಯದ ನ್ಯಾಯ

ಅಂಗೈಯಲ್ಲಿ ಹಿಡಿಸುವ ಕಾರುಗಳು ಹಲಗೆಯ ಹಾದಿಯ ಮೇಲೆ ಸುತ್ತು ಹೊಡೆಯುವ ಆಟವನ್ನು ನೀವು ಕಂಡಿರಬಹುದು. ಹಾದಿಯ ಉದ್ದಕ್ಕೂ ಒಂದು ಸೀಳು. ಅದರ ಇಕ್ಕೆಲದಲ್ಲಿ ವಿದ್ಯುತ್ತು ಹರಿಯುವ ಲೋಹದ ಪಟ್ಟಿ. ಕಾರಿನ ಅಡಿಯ ಮೊಳೆ ಸೀಳಿನಲ್ಲಿ ಕುಳಿತು ದಾರಿ ಹಿಡಿಯುತ್ತದೆ. ಆಡುವವನ ಕೈಯಲ್ಲಿರುವುದು ವೇಗವನ್ನು ಏರಿಸಿ ಇಳಿಸುವ ಗುಂಡಿಯೊಂದೇ. ತಿರುವಿನಲ್ಲಿ ಅದನ್ನು ಸಡಿಲಿಸಲು ಮರೆತರೆ ಕಾರು ಹಾರಿಬಿತ್ತೆಂದೇ ಲೆಕ್ಕ. ಹೀಗಿರುವಾಗ ಗೆಲ್ಲಬೇಕಾದುದು ಕೈಚಳಕವೇ ಹೊರತು ಮೋಟಾರಲ್ಲ, ಅಲ್ಲವೆ?

ಅಮೆರಿಕದ ಲಯನೆಲ್ ಸಂಸ್ಥೆ 1912ರಲ್ಲಿಯೇ ಇಂಥ ಕಾರುಗಳನ್ನು ತಂದಿತಾದರೂ ಅವು ಬಹುಕಾಲ ಬಾಳಲಿಲ್ಲ. ಕೀಲಿ ಕೊಟ್ಟು ಓಡಿಸುವ ತಗಡಿನ ಕಾರುಗಳನ್ನು ಮಾಡುತ್ತಿದ್ದ ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್ ಅವುಗಳಿಗೆ ವಿದ್ಯುತ್ ಮೋಟಾರು ಕೂಡಿಸಿ, 1957ರ ಹ್ಯಾರೊಗೇಟ್ ಆಟಿಕೆ ಮೇಳದಲ್ಲಿ ಸ್ಕೇಲೆಕ್ಸ್‌ಟ್ರಿಕ್ ಎಂಬ ಹೆಸರಿನಿಂದ ಮುಂದಿಟ್ಟರು. ಆಟ ಬೇರೂರಿದ್ದು ಅಲ್ಲಿಂದ.

1960ರ ದಶಕದಲ್ಲಿ ಅಮೆರಿಕದ ಊರೂರಲ್ಲಿ ಬಾಡಿಗೆಯ ಹಾದಿಗಳು ತೆರೆದುವು. ತಂಟೆಯೂ ಆಗಲೇ ಬೆಳೆಯಿತು. ಜಪಾನಿನ ಮಬುಚಿ ಕಂಪನಿಯ ಅಗ್ಗದ ಮೋಟಾರನ್ನು ಬಿಚ್ಚಿ, ಸಣ್ಣ ತಂತಿಯನ್ನು ಕಿತ್ತು, ದಪ್ಪ ತಂತಿಯನ್ನು ಕಡಿಮೆ ಸುತ್ತು ಸುತ್ತಿದರೆ ತಡೆ ತಗ್ಗುತ್ತದೆ. ಹೆಚ್ಚು ವಿದ್ಯುತ್ತು ಹರಿದು ಮೋಟಾರು ಹುಚ್ಚೆದ್ದಂತೆ ತಿರುಗುತ್ತದೆ. ಕೈ ಪಳಗಿದ ಬಡ ಹುಡುಗನನ್ನು, ಹಣ ತೆತ್ತು ಅಂಥ ಮೋಟಾರು ಕೊಂಡವನು ಹಿಂದೆ ಹಾಕಬಹುದಾಯಿತು.

ಬಲವುಳ್ಳ ಕಾರಿನ ದಾರಿಗೆ ತಡೆತಂತಿಯೊಂದನ್ನು ಸೇರಿಸಿ ಬಲ ತಗ್ಗಿಸಬಾರದೇಕೆಂದು ನಿಮಗೆ ತೋರೀತು. ಹಳೆಯ ಫ್ಯಾನಿನ ರೆಗ್ಯುಲೇಟರು ಬಿಸಿಯಾಗುತ್ತಿದ್ದುದು ನೆನಪಿರಬಹುದು. ಇದೂ ಅದೇ ಜಾತಿಯ ಉಪಾಯ. ಆದರೆ ಇದು ಸರಿಯಾದ ತಕ್ಕಡಿಯಲ್ಲ. ಮೋಟಾರು ಹೊರಡುವಾಗ ವಿದ್ಯುತ್ತನ್ನು ಹೆಚ್ಚು ಎಳೆಯುತ್ತದೆ, ವೇಗ ಹಿಡಿದ ಮೇಲೆ ಕಡಿಮೆ. ಆದ್ದರಿಂದ ತಡೆತಂತಿ ತಿರುವಿನಿಂದ ಹೊರಬರುವಾಗ ಕಾಲು ಕಟ್ಟಿ, ನೇರ ಹಾದಿಯಲ್ಲಿ ಸುಮ್ಮನೆ ಬಿಟ್ಟುಬಿಡುತ್ತದೆ. ವೋಲ್ಟನ್ನೇ ತಗ್ಗಿಸುವುದು ಇದಕ್ಕಿಂತ ವಾಸಿ.

ಆಮೇಲೆ ನಿಯಮಗಳು ಬಂದುವು. ಗ್ರೂಪ್ 12 ಎಂಬ ವರ್ಗದ ಮೋಟಾರಿಗೆ 30ನೆಯ ಗೇಜಿನ ತಂತಿ, 50 ಸುತ್ತು; ಹೆಚ್ಚಿಲ್ಲ, ಕಡಿಮೆಯಿಲ್ಲ. ಸುತ್ತು ಸಮವಾದರೂ ಅಯಸ್ಕಾಂತದ ಬಲ, ಇದ್ದಲಿನ ಬ್ರಷ್ಷಿನ ಒತ್ತಡ ಸಮವಾಗಬೇಕಲ್ಲ! ಒಂದೇ ಪೆಟ್ಟಿಗೆಯಿಂದ ತೆಗೆದ ಎರಡು ಮೋಟಾರುಗಳೂ ಅಣ್ಣತಮ್ಮಂದಿರಂತೆ. ಹೋಲಿಕೆಯುಂಟು, ಒಂದೇ ಅಲ್ಲ. ಇದಕ್ಕಾಗಿ ಕೆಲವು ಪಂದ್ಯಗಳಲ್ಲಿ ಮೊಹರು ಮಾಡಿದ ಮೋಟಾರುಗಳನ್ನು ಚೀಟಿ ಎತ್ತಿ ಹಂಚುತ್ತಾರೆ.

ನನಗೆ ಮೆಚ್ಚುಗೆಯಾದುದು ಇನ್ನೊಂದು ಉಪಾಯ. 1973ರಲ್ಲಿ ಅಮೆರಿಕದ ಐರಾಕ್ ಪಂದ್ಯದಲ್ಲಿ ಹೆಸರಾಂತ ಚಾಲಕರಿಗೆಲ್ಲ ಒಂದೇ ಮಾದರಿಯ ಪೋರ್ಷೆ ಕಾರುಗಳನ್ನು ಕೊಟ್ಟು ಓಡಿಸಿದರು. ಆಟದ ಕಾರಿನ ಕ್ಲಬ್ಬುಗಳೂ ಆ ಹೆಸರನ್ನೇ ಎತ್ತಿಕೊಂಡುವು. ಕಾರುಗಳೆಲ್ಲ ಕ್ಲಬ್ಬಿನವು, ಸೀಳಿಗೊಂದರಂತೆ ಇಟ್ಟಿರುತ್ತವೆ. ಗೊತ್ತಾದ ನಿಮಿಷಗಳು ಕಳೆದೊಡನೆ ವಿದ್ಯುತ್ತು ನಿಲ್ಲುತ್ತದೆ, ಆಡುವವರು ಒಂದೊಂದು ಸೀಳು ಪಕ್ಕಕ್ಕೆ ಸರಿಯುತ್ತಾರೆ. ಒಳಗಿನ ಸೀಳಿನ ಬಿಗಿ ತಿರುವು, ಸೋಮಾರಿ ಮೋಟಾರು ಎಲ್ಲರ ಪಾಲಿಗೂ ಒಮ್ಮೆ ಬರುತ್ತದೆ. ಎಲ್ಲ ಸೀಳುಗಳಲ್ಲಿ ಹೊಡೆದ ಸುತ್ತುಗಳನ್ನು ಕೂಡಿ ಗೆದ್ದವರನ್ನು ಹೇಳುತ್ತಾರೆ. ಜನ ಜಾಗ ಬದಲಿಸುವಾಗ ಕಾರುಗಳು ಮಾತ್ರ ತಮ್ಮ ಸೀಳಿನಲ್ಲೇ ನಿಂತಿರುತ್ತವೆ.